ಕ್ರೂಸ್ ಕ್ಷಿಪಣಿ ತಡೆಗೆ ಯಾವುದು ಮೊದಲು: ನೆಲದ ರಾಡಾರೋ, ವಿಮಾನದ ರಾಡಾರೋ?

ಕ್ರೂಸ್ ಕ್ಷಿಪಣಿ ಪುಟ್ಟ ವಿಮಾನದಂತೆ ನೆಲಕ್ಕೆ ಹತ್ತಿರದಲ್ಲೇ ಹಾರಿ ಬರುತ್ತದೆ. ಭೂಮಿ ದುಂಡಗಿರುವುದರಿಂದ, 10 ಮೀಟರ್ ಕಂಬದ ಮೇಲಿನ ರಾಡಾರಿಗೆ 50 ಮೀಟರ್ ಎತ್ತರದಲ್ಲಿ ಬರುವ ಕ್ಷಿಪಣಿ ಹೆಚ್ಚೆಂದರೆ ಸುಮಾರು 42 ಕಿ.ಮೀ. ದೂರದಲ್ಲಷ್ಟೇ ಕಾಣುತ್ತದೆ; ಅದರ ವೇಗ ಗಂಟೆಗೆ 900 ಕಿ.ಮೀ. ಇದ್ದರೆ ಕಾಯುವವರಿಗೆ ಉಳಿಯುವುದು ಮೂರು ನಿಮಿಷಕ್ಕೂ ಕಡಿಮೆ. ನಮ್ಮ ಹುಬ್ಬಳ್ಳಿಯ ನೃಪತುಂಗ ಬೆಟ್ಟದಂಥ ಎತ್ತರದಲ್ಲಿಟ್ಟರೆ ನೋಟ ಹಿಗ್ಗುತ್ತದೆ, ಆದರೆ ಪಶ್ಚಿಮ ಘಟ್ಟದ ಕಣಿವೆಗಳಲ್ಲಿ ನುಸುಳಿ ಬರುವುದು ಆಗಲೂ ಮರೆಯಲ್ಲೇ ಇರುತ್ತದೆ. 9 ಕಿ.ಮೀ. ಮೇಲೆ ಹಾರುವ ವಿಮಾನದ ರಾಡಾರಿಗೆ ದಿಗಂತವೇ ಸುಮಾರು 390 ಕಿ.ಮೀ. ದೂರದಲ್ಲಿರುತ್ತದೆ, ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿದ ನೇತ್ರ ಈ ಬಗೆಯದು. ಅದು ಎಡೆಬಿಡದೆ ಹಾರಲಾರದು, ತಾನೇ ಹೊಡೆದುರುಳಿಸುವುದೂ ಇಲ್ಲ. ಆದರೂ ಉದ್ದನೆಯ ಗಡಿಯುಳ್ಳ ದೇಶ ಮೊದಲ ಹಣವನ್ನು ವಿಮಾನಗಳಿಗೇ ಇಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕೈಗಾ ಅಣುಸ್ಥಾವರದಂಥ ಒಂದೇ ನೆಲೆಯನ್ನು ಕಾಯುವುದಾದರೆ ಮಾತ್ರ ಆಕಾಶ್‌ನಂಥ ನೆಲದ ಕ್ಷಿಪಣಿ ವ್ಯವಸ್ಥೆ ಮೊದಲು ಬರಲಿ.