ಮರದ ನೆಲಕ್ಕೆ ಸಾಗುವಾನಿಯೋ, ಮತ್ತಿಯೋ, ಹಲಸೋ?

ಶಿರಸಿಯ ಮಳೆಗಾಲ ಅಂದರೆ ತಿಂಗಳುಗಟ್ಟಲೆ ಹಸಿ ಗಾಳಿ. ಹಾಗಾಗಿ ಗಟ್ಟಿತನಕ್ಕಿಂತ ಮೊದಲು ಮರ ಎಷ್ಟು ಉಬ್ಬಿ ಕುಗ್ಗುತ್ತದೆ ಅನ್ನುವುದನ್ನು ನೋಡಿ. ಇದರಲ್ಲಿ ಸಾಗುವಾನಿಯೇ ಮೇಲು. ಮರದಲ್ಲೇ ಎಣ್ಣೆಯಂಶ ಇರುವುದರಿಂದ ಗೆದ್ದಲು ಸುಲಭಕ್ಕೆ ಹತ್ತದು, ಹಲಗೆ ಸೊಟ್ಟಗಾಗುವುದೂ ಕಡಿಮೆ. ಘನ ಮೀಟರಿಗೆ ಸುಮಾರು 650 ಕಿಲೋ ತೂಗುತ್ತದೆ. ಹೊರಗಿನ ಬಿಳಿ ಭಾಗ ಬೇಡ, ಕೆಚ್ಚನ್ನೇ ಆರಿಸಿ.

ಮತ್ತಿ ಇದಕ್ಕಿಂತ ಭಾರ, ಗಟ್ಟಿ. ಕುರ್ಚಿ ಎಳೆದರೂ ಗೀರು ಬೀಳುವುದು ಕಡಿಮೆ. ಆದರೆ ಒಣಗುವಾಗ ಸೀಳುತ್ತದೆ. ನಮ್ಮ ಮಹಡಿಗೆ ಅರೆಹಸಿ ಮತ್ತಿ ಹೊಡೆಸಿದ್ದೆವು. ಬೇಸಿಗೆ ಬಂದಾಗ ಹಲಗೆಗಳ ಸಂದಿಯಲ್ಲಿ ಅಡಿಕೆ ಹೋಳು ಜಾರಿ ಕೆಳಗೆ ಬೀಳುತ್ತಿತ್ತು! ಒಣಗಿದ ಮರ ಸಿಕ್ಕರಷ್ಟೇ ಮತ್ತಿ ತೆಗೆದುಕೊಳ್ಳಿ.

ಹಲಸಿನ ಹಳದಿ ಬಣ್ಣ ವರ್ಷ ಕಳೆದಂತೆ ಕಂದಾಗುವುದು ಬಲು ಚಂದ. ಓಡಾಟ ಕಡಿಮೆಯಿರುವ ಕೋಣೆಗೆ ಸರಿ.

ಕಾರವಾರದ ಕಡಲಂಚಿನ ಮನೆಯಾದರೆ ಕಬ್ಬಿಣದ ಮೊಳೆ ಬಿಟ್ಟು ಹಿತ್ತಾಳೆ ಸ್ಕ್ರೂ ಹಾಕಿಸಿ.