ಹಿನ್ನೀರಿನ ಮೀನಿಗೆ ಯಾವ ದಾರಿ: ಜಪಾನಿನ ಸಂಘವೋ, ಅಷ್ಟಮುಡಿಯ ಮಂಡಳಿಯೋ?

ಸಾಗರ ತಾಲ್ಲೂಕಿನ ಕಡೆ, ಲಿಂಗನಮಕ್ಕಿ ಹಿನ್ನೀರಲ್ಲಿ ಬಲೆ ಹಾಕುವವರು ಸೇರಿ ಒಂದು ವ್ಯವಸ್ಥೆ ಮಾಡ್ಕೋಬೇಕು ಅಂತಿದ್ದರೆ, ಕರಾವಳಿಯ ಎರಡು ಮಾದರಿ ಮೊದಲು ನೋಡಿ.

ಜಪಾನಿನಲ್ಲಿ 1949ರ ಕಾನೂನಿನಿಂದ ದಡದ ಹತ್ತಿರದ ಮೀನುಗಾರಿಕೆಯ ಹಕ್ಕು ಊರಿನ ಸಹಕಾರ ಸಂಘಗಳ ಕೈಗೆ ಬಂತು. ಯಾರು, ಯಾವಾಗ, ಯಾವ ಬಲೆಯಿಂದ ಹಿಡಿಯಬೇಕು ಅನ್ನೋದನ್ನು ಸದಸ್ಯರೇ ಕೂತು ತೀರ್ಮಾನಿಸುತ್ತಾರೆ. ತಾವೇ ಮಾಡಿದ ನಿಯಮ, ಹಾಗಾಗಿ ಕಾವಲೂ ಅವರದ್ದೇ. ಆದರೆ ಸದಸ್ಯರಲ್ಲದವರಿಗೆ ಮಾತಿಲ್ಲ. ಇದು ನನಗೆ ದೊಡ್ಡ ಕೊರತೆ ಅನಿಸುತ್ತದೆ, ಯಾಕಂದ್ರೆ ನಮ್ಮಲ್ಲಿ ದೋಣಿ ಇಲ್ಲದವರು, ಮೀನು ಮಾರುವ ಹೆಂಗಸರು ಇಂಥ ಪಟ್ಟಿಯಿಂದ ಸುಲಭವಾಗಿ ಬಿಟ್ಟುಹೋಗುತ್ತಾರೆ.

ಕೇರಳದ ಕೊಲ್ಲಂ ಹತ್ತಿರದ ಅಷ್ಟಮುಡಿ ಹಿನ್ನೀರಿನದು ಬೇರೆ ಕಥೆ. ಅಲ್ಲಿ ಕಪ್ಪೆಚಿಪ್ಪು ಕಡಿಮೆಯಾದಾಗ ಡಿಸೆಂಬರಿನಿಂದ ಫೆಬ್ರವರಿವರೆಗೆ ಹಿಡಿಯೋದು ನಿಲ್ಲಿಸಿದರು, ಬಲೆಯ ಕಣ್ಣಿನ ಅಳತೆಗೂ ಮಿತಿ ಹಾಕಿದರು. ಈಗ ಮೀನುಗಾರರು, ಅಧಿಕಾರಿಗಳು, ವಿಜ್ಞಾನಿಗಳು ಒಂದೇ ಮಂಡಳಿಯಲ್ಲಿದ್ದಾರೆ. 2014ರಲ್ಲಿ ಅಲ್ಲಿನ ಕಪ್ಪೆಚಿಪ್ಪು ಮೀನುಗಾರಿಕೆಗೆ ಎಂಎಸ್‌ಸಿ (ಮರೀನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್, ಸಂತತಿ ಮುಗಿಯದಂತೆ ಹಿಡಿಯುವ ಮೀನುಗಾರಿಕೆಯನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಸ್ಥೆ) ಮಾನ್ಯತೆ ಸಿಕ್ಕಿತು, ಭಾರತದಲ್ಲೇ ಮೊದಲು. ಲೆಕ್ಕ, ಅಳತೆ ಗಟ್ಟಿ. ಆದರೆ ಅಧಿಕಾರಿ ಇರುವ ಸಭೆಯಲ್ಲಿ ಬಲೆ ಹಾಕುವವನು ಸುಮ್ನೆ ಕೂರುವ ಅಪಾಯ ಇದ್ದೇ ಇದೆ, ಅಲ್ವಾ?

ಜನ ಕಡಿಮೆ, ಒಬ್ಬರಿಗೊಬ್ಬರು ಪರಿಚಯ ಇದ್ದರೆ ಸಂಘ ಸಾಕು. ಹಿನ್ನೀರು ಹಲವು ಊರಿಗೆ ಹಂಚಿದ್ದರೆ ಮಂಡಳಿಯೇ ಬೇಕು, ಆದರೆ ಮೀನುಗಾರರ ಕುರ್ಚಿ ಅರ್ಧಕ್ಕಿಂತ ಜಾಸ್ತಿ ಇರಲಿ, ಹೆಂಗಸರ ಕುರ್ಚಿಯೂ ಬರಹದಲ್ಲೇ ಇರಲಿ.