ಕೈ ಮೇಲೆ ಎಳೆದು ತೋರಿಸಿದ ಐಲೈನರ್ ಬೇರೆ, ಡಬ್ಬಿಯಲ್ಲಿ ಕೊಟ್ಟದ್ದೇ ಬೇರೆ: ದಾವಣಗೆರೆಯವರು ದಯವಿಟ್ಟು ಓದಿ

ನಿನ್ನೆ ಸಂಜೆ ಮಂಡಿಪೇಟೆಗೆ ಹೋಗಿದ್ದೆ. ವಾಪಸ್ ಬರುವಾಗ ಅದೇ ಫ್ಯಾನ್ಸಿ ಅಂಗಡಿ ಕಣ್ಣಿಗೆ ಬಿತ್ತು. ಕಾಲೇಜು ಹುಡುಗಿಯೊಬ್ಬಳು ಗಾಜಿನ ಕೌಂಟರ್ ಮೇಲೆ ಅಂಗೈ ಕವುಚಿ ಇಟ್ಟು ನಿಂತಿದ್ದಾಳೆ, ಅಂಗಡಿಯಾತ ಅವಳ ಕೈ ಮೇಲೆ ಕಪ್ಪು ಗೆರೆ ಎಳೆಯುತ್ತಿದ್ದಾನೆ. ನನಗೆ ಎಳೆದ ಹಾಗೆಯೇ. ಒಳಗೆ ಹೋಗಿ "ತಗೋಬೇಡಮ್ಮಾ" ಅನ್ನಬೇಕಿತ್ತು. ಬಾಯಿ ಬರಲಿಲ್ಲ. ಮನೆಗೆ ಬಂದ ಮೇಲೆ ರಾತ್ರಿಯಿಡೀ ಅದೇ ಹೊಟ್ಟೆಯುರಿ. ಅವಳಿಗೆ ಹೇಳದೇ ಹೋದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಹೋದ ತಿಂಗಳು ನನ್ನ ತಂಗಿಯ ಎಂಗೇಜ್‌ಮೆಂಟ್ ಇತ್ತು. ಗಂಡಿನ ಕಡೆಯವರು ಹರಿಹರದವರು. ಬ್ಯೂಟಿಷಿಯನ್ ಖರ್ಚು ಮದುವೆಗೆ ಇರಲಿ, ಇದಕ್ಕೆ ಅಕ್ಕನೇ ಮಾಡ್ತಾಳೆ ಅಂತ ತಂಗಿಯೇ ಹೇಳಿದ್ದಳು. ನನಗೂ ಖುಷಿ. ಅವಳ ರೆಪ್ಪೆ ಮೇಲೆ ಎಣ್ಣೆ ಜಾಸ್ತಿ, ಸ್ವಲ್ಪ ಭಾವುಕಳಾದರೂ ಕಣ್ಣಲ್ಲಿ ನೀರು. ಕಾಜಲ್ ಪೆನ್ಸಿಲ್ ಅವಳಿಗೆ ಆಗುವುದೇ ಇಲ್ಲ. ಪೆನ್ಸಿಲ್‌ನಲ್ಲಿ ಇರುವುದು ಮೇಣ ಮತ್ತು ಎಣ್ಣೆ, ನಮ್ಮೂರ ಬಿಸಿಲಿಗೆ ಅರ್ಧ ಗಂಟೆಯಲ್ಲಿ ಕರಗಿ ಮೇಲಿನ ಮಡಿಕೆಗೆ ಅಂಟಿಕೊಳ್ಳುತ್ತದೆ. ಇದೆಲ್ಲ ಗೊತ್ತಿದ್ದೇ ಶನಿವಾರ ಸಂಜೆ ಅಂಗಡಿಗೆ ಹೋದವಳು ನಾನು. ಕೇಳಿದ್ದು ಒಂದೇ: ಸ್ಕೆಚ್ ಪೆನ್ ಥರ ಇರುತ್ತದಲ್ಲ, ವಾಟರ್‌ಪ್ರೂಫ್ ಪೆನ್ ಲೈನರ್, ಅದು ಕೊಡಿ ಅಂತ.

ಆತ ಪೆನ್ ತೆಗೆಯಲೇ ಇಲ್ಲ. "ಮೇಡಂ, ಪೆನ್ ತಗೊಂಡ್ರೆ ಎರಡು ಸಲಕ್ಕೆ ತುದಿ ಒಣಗಿ ಹೋಗ್ತತಿ. ಲಿಕ್ವಿಡ್ ಅಂದ್ರೆ ಒಣಗಿದ ಮೇಲೆ ಹೊಪ್ಪಳಿಕೆ ಏಳ್ತತಿ. ಫಂಕ್ಷನ್‌ಗೆ ಜೆಲ್ಲೇ ತಗೊಳ್ರಿ, ಬ್ಯೂಟಿ ಪಾರ್ಲರ್‌ನೋರೆಲ್ಲ ಇದನ್ನೇ ಒಯ್ಯೋದು" ಅಂದ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ, ಅದೇ ನನ್ನನ್ನು ಕೆಡಿಸಿದ್ದು. ಮುಚ್ಚಳ ಸರಿಯಾಗಿ ಹಾಕದಿದ್ದರೆ ಪೆನ್ ಒಣಗುವುದು ನಿಜ. ಅಗ್ಗದ ಲಿಕ್ವಿಡ್ ಸಿಪ್ಪೆ ಸಿಪ್ಪೆಯಾಗಿ ಉದುರುವುದೂ ನಿಜ. ಒಳ್ಳೆ ಜೆಲ್ ಲೈನರ್ ಬ್ರಷ್‌ನಲ್ಲಿ ಎಳೆದು ಒಂದು ನಿಮಿಷ ಬಿಟ್ಟರೆ ಕದಲುವುದಿಲ್ಲ, ಅದೂ ನಿಜ. ಮಾಲು ಗೊತ್ತಿರುವ ಮನುಷ್ಯ ಅಂತ ನಂಬಿಕೆ ಬಂತು.

ಆಮೇಲೆ ಟೆಸ್ಟರ್ ಡಬ್ಬಿ ತೆಗೆದು ನನ್ನ ಎಡಗೈ ಮೇಲೆ ಎರಡು ಗೆರೆ ಎಳೆದ. ಸ್ವಲ್ಪ ಹೊತ್ತು ಬಿಟ್ಟು ಬಾಟಲಿಯಿಂದ ನೀರು ಹಾಕಿದ. ಹೆಬ್ಬೆರಳಲ್ಲಿ ಜೋರಾಗಿ ಉಜ್ಜಿದ. ಗೆರೆ ಹಾಗೇ ಇತ್ತು, ಕಡುಗಪ್ಪು. ಪಕ್ಕದಲ್ಲಿದ್ದ ಇಬ್ಬರು ಹೆಂಗಸರೂ ಬಗ್ಗಿ ನೋಡಿದರು. ಕೆಳಗಿನ ಡ್ರಾಯರ್‌ನಿಂದ ಹೊಸ ಡಬ್ಬಿ ತೆಗೆದ. ಕೆಳಗಿನ ಡ್ರಾಯರ್‌ನಿಂದ, ಕಪಾಟಿನಿಂದ ಅಲ್ಲ. ಆಗ ನನಗೆ ಹೊಳೆಯಲಿಲ್ಲ. ಸ್ಟಿಕ್ಕರ್ ಮೇಲೆ 750, "ನಿಮಗಂತ 480." ಸ್ಕ್ಯಾನ್ ಮಾಡಿ ದುಡ್ಡು ಕೊಟ್ಟೆ. ಬಿಲ್ ಕೇಳಲಿಲ್ಲ. ಸೀಲ್ ಇದೆಯಾ ನೋಡಲಿಲ್ಲ.

ಭಾನುವಾರ ಹತ್ತೂವರೆಗೆ ಶಾಸ್ತ್ರ. ಒಂಬತ್ತಕ್ಕೆ ನಾನೇ ತಂಗಿಯ ಕಣ್ಣಿಗೆ ಹಚ್ಚಿದೆ. ಗೆರೆ ಚೆನ್ನಾಗೇ ಬಂತು. ಉಂಗುರ ಬದಲಾಯಿಸುವ ಹೊತ್ತಿಗೆ ಅವಳ ಕಣ್ಣು ಸ್ವಲ್ಪ ಒದ್ದೆಯಾಯಿತು ಅಷ್ಟೆ, ಅತ್ತಿದ್ದೂ ಅಲ್ಲ. ಎರಡೂ ಕೆನ್ನೆ ಮೇಲೆ ಕಂದುಗಪ್ಪು ನೀರು ಇಳಿಯಿತು. ವೇದಿಕೆ ಮೇಲೆ, ವಿಡಿಯೋ ಲೈಟ್ ಎದುರಿಗೆ. ನಾನು ಕರ್ಚೀಫ್ ತಗೊಂಡು ಓಡಿದೆ, ಒರೆಸಿದಷ್ಟೂ ಹರಡಿತು. ಗಂಡಿನ ಚಿಕ್ಕಮ್ಮ ಎಲ್ಲರ ಮುಂದೆ ಕೇಳಿಯೇಬಿಟ್ಟರು: "ಯಾಕ್ರೀ, ಹುಡುಗಿಗೆ ಇಷ್ಟ ಇಲ್ವೇನ್ರಿ? ಹಿಂಗ್ ಅಳ್ತಾಳಲ್ಲ." ಅಮ್ಮನ ಮುಖ ಇಳಿದು ಹೋಯಿತು. ಅಪ್ಪ ಏನೂ ಮಾತಾಡಲಿಲ್ಲ. ತಂಗಿ ನಗುತ್ತಾ "ಇಲ್ಲ ಅತ್ತೆ, ಕಾಡಿಗೆ ಕರಗಿತು" ಅಂದಳು. ನನ್ನ ಹೆಸರು ಹೇಳಲಿಲ್ಲ. ಅದು ಇನ್ನೂ ಚುಚ್ಚುತ್ತದೆ.

ಸಂಜೆಗೆ ಅವಳ ಕಣ್ಣು ಕೆಂಪಾಗಿ ಉರಿ ಶುರು. ಮರುದಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಡ್ರಾಪ್ಸ್ ಕೊಟ್ಟರು, ವಾಸಿಯಾಯಿತು, ದೇವರು ದೊಡ್ಡವನು. ಯಾವ ಲೈನರ್ ಆದರೂ ರೆಪ್ಪೆಗೂದಲಿನ ಒಳಗಡೆ ಅಂಚಿಗೆ ಹಚ್ಚಬೇಡಿ ಅಂದರು. ಕಣ್ಣು ಒಣಗದ ಹಾಗೆ ಎಣ್ಣೆ ಬಿಡುವ ಸಣ್ಣ ಸಣ್ಣ ಗ್ರಂಥಿಗಳ ಬಾಯಿ ಅಲ್ಲೇ ಇರುತ್ತವಂತೆ, ಅವು ಮುಚ್ಚಿಕೊಳ್ಳುತ್ತವಂತೆ.

ಆದರೆ ಮೋಸ ಹೋದೆ ಅಂತ ಗೊತ್ತಾಗಿದ್ದು ಡಾಕ್ಟರ ಹತ್ತಿರ ಅಲ್ಲ, ಹಿಂದಿನ ರಾತ್ರಿಯೇ, ಅಡುಗೆಮನೆ ನಲ್ಲಿ ಕೆಳಗೆ.

ಪಾತ್ರೆ ತೊಳೆಯುತ್ತಿದ್ದೆ. ಎಡಗೈ ಮೇಲೆ ಏನೋ ಕಪ್ಪು. ನೋಡಿದರೆ ಶನಿವಾರ ಆತ ಎಳೆದ ಎರಡು ಗೆರೆ! ಒಂದು ಸ್ನಾನ ಆಗಿದೆ, ದಿನವಿಡೀ ಕೈ ತೊಳೆದಿದ್ದೇನೆ, ಈಗ ಪಾತ್ರೆ ಸೋಪು. ಮಾಸಿದ್ದರೂ ಗೆರೆ ಇದೆ. ಅದೇ ಐಲೈನರ್ ಬೆಳಿಗ್ಗೆ ತಂಗಿಯ ಮುಖದ ಮೇಲೆ ನೀರಾಗಿ ಹರಿದಿತ್ತಲ್ಲ? ಕೈ ಒರೆಸಿಕೊಂಡು ಡಬ್ಬಿ ತಂದೆ. ಹಳೇ ಗೆರೆಗಳ ಪಕ್ಕದಲ್ಲೇ ಒಂದು ಹೊಸ ಗೆರೆ ಎಳೆದೆ. ಐದು ನಿಮಿಷ ಒಣಗಲು ಬಿಟ್ಟೆ. ನಲ್ಲಿ ಕೆಳಗೆ ಹಿಡಿದೆ. ಉಜ್ಜಲೂ ಇಲ್ಲ. ಹೊಸ ಗೆರೆ ಕಂದು ನೀರಾಗಿ ಇಳಿದು ಹೋಯಿತು. ಪಕ್ಕದ ಎರಡು ಗೆರೆ ಹಾಗೇ. ಒಂದೇ ಕೈ, ಒಂದೇ ನೀರು. ಟೆಸ್ಟರ್‌ನಲ್ಲಿ ಅಸಲಿ ಮಾಲು, ಡಬ್ಬಿಯಲ್ಲಿ ಇನ್ನೇನೋ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಆಮೇಲೆ ಡಬ್ಬಿಯ ಕಾಗದದ ಪೆಟ್ಟಿಗೆ ಹುಡುಕಿದೆ. 750 ಅಂತಿದ್ದ ಸ್ಟಿಕ್ಕರನ್ನು ಉಗುರಲ್ಲಿ ಕೆರೆದು ತೆಗೆದರೆ ಕೆಳಗೆ ಖಾಲಿ. ಬ್ಯಾಚ್ ನಂಬರ್ ಇಲ್ಲ, ತಯಾರಿಸಿದವರ ವಿಳಾಸ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ, ಯಾವಾಗಿನವರೆಗೆ ಬಳಸಬಹುದು ಅನ್ನೋದಿಲ್ಲ. ವಾಟರ್‌ಪ್ರೂಫ್ ಅನ್ನುವ ಇಂಗ್ಲಿಷ್ ಪದದಲ್ಲೇ ಒಂದು ಅಕ್ಷರ ಬಿಟ್ಟುಹೋಗಿದೆ. ಇದನ್ನೇ ನಾನು ನನ್ನ ಕೈಯಾರೆ ತಂಗಿಯ ಕಣ್ಣಿಗೆ ಹಚ್ಚಿದ್ದು.

ಸೋಮವಾರ ಮಧ್ಯಾಹ್ನ ಡಬ್ಬಿ, ಪೆಟ್ಟಿಗೆ, ಎಲ್ಲ ತಗೊಂಡು ಹೋದೆ. ಅವನ ಉತ್ತರಗಳನ್ನು ಇದ್ದ ಹಾಗೇ ಬರೆಯುತ್ತೇನೆ.

ಮೊದಲು: "ಹಚ್ಚೋರ ಕೈಯಾಗೆ ಇರ್ತತ್ರಿ ಮೇಡಂ, ಮಾಲಿನಾಗೆ ಏನಿಲ್ಲ."

ಕಣ್ಣು ಕೆಂಪಾಗಿದೆ ಅಂದೆ. "ಕೆಲವರಿಗೆ ಒಗ್ಗಲ್ರಿ. ಕಣ್ಣಾಗೆ ನೀರು ಬಂದ್ರೆ ನಾವೇನ್ ಮಾಡಾಣ?"

ವಾಟರ್‌ಪ್ರೂಫ್ ಅಂತ ತಾನೇ ಕೊಟ್ಟಿದ್ದು ಅಂದೆ. "ಓಪನ್ ಮಾಡಿದ್ದು ವಾಪಸ್ ಇಲ್ರಿ," ಅಂತ ಗೋಡೆ ಮೇಲಿನ ಬೋರ್ಡ್ ತೋರಿಸಿದ.

ಬಿಲ್ ಎಲ್ಲಿ ಅಂದ. ನೀವು ಕೊಡಲಿಲ್ಲ ಅಂದೆ. "ನೀವು ಕೇಳ್ಲಿಲ್ಲ."

ಕೊನೆಗೆ ಅವನ ಕೌಂಟರ್ ಮೇಲಿದ್ದ ಟೆಸ್ಟರ್ ತಗೊಂಡು, ನನ್ನ ಡಬ್ಬಿಯದೂ ತಗೊಂಡು, ಅವನ ಎದುರಿಗೇ ಕೈ ಮೇಲೆ ಎರಡೂ ಎಳೆದು ನೀರು ಹಾಕಿ ತೋರಿಸಿದೆ. ಒಂದು ಉಳಿಯಿತು, ಒಂದು ಹರಿಯಿತು. ಅಂಗಡಿಯಲ್ಲಿದ್ದವರೆಲ್ಲ ನೋಡಿದರು. ಆತ ಸ್ವಲ್ಪವೂ ನಾಚದೆ ಹೇಳಿದ್ದು: "ಟೆಸ್ಟರ್ ಅಂದ್ರೆ ಟೆಸ್ಟರ್, ಮಾಲು ಅಂದ್ರೆ ಮಾಲು. ಎರಡೂ ಒಂದೇ ಇರ್ತಾವೇನ್ರಿ?"

ಈ ಮಾತು ಎಷ್ಟು ಸಲ ತಲೆಯಲ್ಲಿ ಓಡಿದೆಯೋ ಲೆಕ್ಕವಿಲ್ಲ. ಎರಡೂ ಒಂದೇ ಇರಬೇಕು ಅಂತಲ್ಲವೇ ನಾವು ಕೈ ಚಾಚುವುದು? ಇನ್ಯಾಕೆ ಅದು?

ಬೋರ್ಡ್ ಬಗ್ಗೆ ಒಂದು ಮಾತು. ಅದನ್ನು ನೋಡಿ ನಾನು ತಲೆ ತಗ್ಗಿಸಿ ಬಂದುಬಿಟ್ಟೆ, ನೀವು ಬರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ಸರಕನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ತಗೊಂಡು ದುಡ್ಡು ಕೊಡಲ್ಲ ಅನ್ನುವುದೇ ಅನುಚಿತ ವ್ಯಾಪಾರ. ಬಿಲ್ ಕೊಡದಿರುವುದೂ ಹಾಗೆಯೇ. ಇದನ್ನು ಮನೆಗೆ ಬಂದ ಮೇಲೆ ಓದಿದೆ, ಅಂಗಡಿಯಲ್ಲಿ ನಿಂತಾಗ ಗೊತ್ತಿರಲಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ದುಡ್ಡು ಕೊಟ್ಟ ಯುಪಿಐ ದಾಖಲೆ ಇದೆ, ಕೈ ಮೇಲಿನ ಗೆರೆಗಳ ಫೋಟೋ ಇದೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ, 5 ಲಕ್ಷದೊಳಗಿನ ದೂರಿಗೆ ಶುಲ್ಕವೂ ಇಲ್ಲ. ದೂರು ನಡೆಯುತ್ತಿರುವುದರಿಂದ ಅಂಗಡಿ ಹೆಸರು ಹಾಕುತ್ತಿಲ್ಲ, ಇನ್‌ಬಾಕ್ಸ್‌ನಲ್ಲೂ ಕೇಳಬೇಡಿ.

ನಿಮಗೆ ಬೇಕಾದದ್ದು ಪೆನ್ಸಿಲ್ಲೋ, ಪೆನ್ನೋ, ಜೆಲ್ಲೋ ಮನೆಯಲ್ಲೇ ನಿರ್ಧಾರ ಮಾಡಿ ಹೋಗಿ, ಕೌಂಟರ್ ಮುಂದೆ ಮನಸ್ಸು ಬದಲಾಯಿಸಬೇಡಿ. ಸ್ಟಿಕ್ಕರ್ ಅಂಟಿಸಿದ್ದರೆ ಅಲ್ಲೇ ಕೆರೆದು ನೋಡಿ, ಬೈದರೆ ಬೈಯಲಿ. ಟೆಸ್ಟರ್ ಬೇಡ, ದುಡ್ಡು ಕೊಟ್ಟ ಮೇಲೆ ನಿಮ್ಮ ಡಬ್ಬಿಯ ಸೀಲನ್ನು ಅವನ ಎದುರೇ ಬಿಚ್ಚಿ ಅದರಲ್ಲೇ ಎಳೆಸಿಕೊಳ್ಳಿ. ಹತ್ತು ಜನರ ಕೈ ಸವರಿದ ಬ್ರಷ್ಷನ್ನಂತೂ ಕಣ್ಣಿನ ಹತ್ತಿರ ತರಲೇಬೇಡಿ. ಹೊಸದನ್ನು ಫಂಕ್ಷನ್ ದಿನವೇ ಮೊದಲ ಸಲ ಹಚ್ಚಬೇಡಿ. ನಾನು ಒಂದು ದಿನ ಮುಂಚೆ ನನ್ನ ಕಣ್ಣಿಗೇ ಹಚ್ಚಿಕೊಂಡು ನೋಡಿದ್ದರೆ ಸಾಕಿತ್ತು.

ಮೊನ್ನೆ ಅವನಿಂದ ಮೆಸೇಜ್ ಬಂತು. "ಮೇಡಂ ಕಂಪ್ಲೇಂಟ್ ವಾಪಸ್ ತಗೊಳ್ರಿ, ಬೇರೆ ಐಟಂ ಏನಾದ್ರೂ ತಗೊಳ್ರಿ, 100 ರೂಪಾಯಿ ಕಮ್ಮಿ ಮಾಡ್ತೀನಿ." ಅದನ್ನೂ ಸ್ಕ್ರೀನ್‌ಶಾಟ್ ತೆಗೆದು ದೂರಿಗೆ ಸೇರಿಸಿದ್ದೇನೆ.

ಗುಂಡನೆಯ ಗಾಜಿನ ಡಬ್ಬಿ, ಕಪ್ಪು ಮುಚ್ಚಳ, ಪೆಟ್ಟಿಗೆ ಮೇಲೆ ಬಂಗಾರದ ಬಣ್ಣದ ಅಂಚು, 750ರ ಬಿಳಿ ಸ್ಟಿಕ್ಕರ್. ಇದೇ ಡಬ್ಬಿ ನಿಮ್ಮ ಮನೆಯಲ್ಲಿದ್ದರೆ ಬಿಸಾಕಬೇಡಿ, ಹಚ್ಚಲೂ ಬೇಡಿ, ಪೆಟ್ಟಿಗೆಯ ಸಮೇತ ತೆಗೆದಿಟ್ಟು ನನಗೆ ತಿಳಿಸಿ. ಒಬ್ಬಳೇ ದೂರು ಕೊಟ್ಟರೆ "ಹಚ್ಚೋರ ಕೈ" ಅನ್ನುತ್ತಾನೆ. ನಾಲ್ಕು ಜನ ಸೇರಿದರೆ ಹಾಗೆ ಅನ್ನೋಕಾಗಲ್ಲ.